ಗುಬ್ಬಿಯ ಹೊಟ್ಟೆನೋವು

ಕೆಲಸದ ಜಾಗದಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಆಳು ಸಣ್ಣ, ಕೂರುವುದು ಮಾತ್ರ ಎಲ್ಲರ ತಲೆಯ ಮೇಲೆ. ಪೇಟೆಯ ನಡುವೆ ಏಳುತ್ತಿದ್ದ ಬಹುಮಹಡಿ ಕಟ್ಟಡದ ಪಕ್ಕದಲ್ಲಿ ಹಳದಿ ಬಣ್ಣದ ಟವರ್ ಕ್ರೇನ್ ನಿಂತಿತ್ತು. ಅದರ ತುದಿಯಲ್ಲಿ ಗಾಜಿನ ಗೋಡೆಗಳ ಸಣ್ಣ ಕ್ಯಾಬಿನ್. ಅಲ್ಲಿನ ಸೀಟು ಅವಳದು. ಬೆಳಿಗ್ಗೆ ಕಂಬದೊಳಗಿನ ಏಣಿ ಹತ್ತಿ ಹೋದರೆ ಮತ್ತೆ ನೆಲ ಮುಟ್ಟುವುದು ಸಂಜೆಗೇ. ಸರಳಿನ ಕಟ್ಟು, ಕಾಂಕ್ರೀಟ್ ತುಂಬಿದ ಬಕೆಟ್ಟು, ಕಿಟಕಿ ಚೌಕಟ್ಟು, ಏನನ್ನು ಕೊಕ್ಕೆಗೆ ಸಿಕ್ಕಿಸಿದರೂ ಅವಳು ಎರಡು ಹಿಡಿಕೆಗಳನ್ನು ಬೆರಳ ತುದಿಯಲ್ಲಿ ಆಡಿಸುತ್ತ, ನಿದ್ದೆ ಹೋದ ಮಗುವನ್ನು ಹಾಸಿಗೆಗೆ ಹಾಕುವಷ್ಟು ಮೆತ್ತಗೆ ಇಳಿಸುತ್ತಿದ್ದಳು. "ಗುಬ್ಬಿ ಇಳಿಸಿದ ಇಟ್ಟಿಗೆಗೆ ಎಚ್ಚರಾನೇ ಆಗಲ್ಲ" ಎಂದು ಗಾರೆಯವರು ತಮಾಷೆ ಮಾಡುತ್ತಿದ್ದರು.

ನೆಲದ ಮೇಲೆ ನಿಂತು ವಾಕಿಟಾಕಿಯಲ್ಲಿ ಅವಳಿಗೆ ದಾರಿ ಹೇಳುತ್ತಿದ್ದವನು ನಡುವಯಸ್ಸಿನ ಸಿಗ್ನಲ್‌ನವನು. ಅವಳು ಅವನನ್ನು ಕೆಳಗಣ್ಣ ಎಂದು ಕರೆಯುತ್ತಿದ್ದಳು. ಕೆಳಗಿರುವ ಅಣ್ಣ ಎಂದೂ ಆಯಿತು, ಮೇಲಿನವರಿಗೆ ಕಾಣದ್ದನ್ನು ಕಾಣುವ ಕೆಳಗಿನ ಕಣ್ಣು ಎಂದೂ ಆಯಿತು. ಅವನಿಗೂ ಆ ಹೆಸರು ಹಿಡಿಸಿತ್ತು. ಅವರಿಬ್ಬರೂ ಎದುರುಬದುರು ಕೂತು ಮಾತಾಡಿದ್ದು ಕಡಿಮೆ. ಆದರೆ ಅವಳ ಉಸಿರಿನ ಸದ್ದು ಕೇಳಿಯೇ ಇವತ್ತು ಗುಬ್ಬಿಯ ಮನಸ್ಸು ಹೇಗಿದೆ ಎಂದು ಅವನು ಹೇಳಬಲ್ಲವನಾಗಿದ್ದ.

ಹೇಳಲಾಗದ್ದು ಒಂದೇ ಇತ್ತು. ತಿಂಗಳಿಗೊಮ್ಮೆ ಅವಳ ಕೆಳಹೊಟ್ಟೆಯಲ್ಲಿ ಏಳುತ್ತಿದ್ದ ನೋವು.

ಅದು ಶಾಲೆಗೆ ಹೋಗುತ್ತಿದ್ದಾಗಲೇ ಶುರುವಾದದ್ದು. ಮುಟ್ಟಿನ ಮೊದಲ ದಿನ ಯಾರೋ ಒದ್ದೆ ಬಟ್ಟೆಯನ್ನು ಹಿಂಡುವ ಹಾಗೆ ಹೊಟ್ಟೆಯೊಳಗೆ ಹಿಂಡಲು ತೊಡಗುತ್ತಿತ್ತು. ಅಲ್ಲಿಂದ ಸೊಂಟಕ್ಕೆ, ಸೊಂಟದಿಂದ ತೊಡೆಗೆ ಇಳಿಯುತ್ತಿತ್ತು. ವಾಂತಿ, ಬೆವರು, ಕೈಕಾಲೆಲ್ಲ ತಣ್ಣಗೆ. ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಿ, ಅದರಿಂದ ಎದೆ ಉರಿದು, ಆ ಉರಿಗೆ ಮತ್ತೊಂದು ಮಾತ್ರೆ ನುಂಗಿ ದಿನ ದೂಡುತ್ತಿದ್ದಳು. ಕ್ರೇನಿನ ಕೆಲಸಕ್ಕೆ ಸೇರಿದ ಮೇಲೆ ಇನ್ನೊಂದು ಕಷ್ಟ ಕೂಡಿಕೊಂಡಿತು. ಶೌಚಕ್ಕೆಂದು ಏಣಿ ಇಳಿದು ಹತ್ತಿದರೆ ಕೆಳಗೆ ಎಲ್ಲರ ಕೆಲಸವೂ ನಿಲ್ಲುತ್ತಿತ್ತು. ಹಾಗಾಗಿ ಆ ದಿನ ನೀರನ್ನೂ ಕುಡಿಯುತ್ತಿರಲಿಲ್ಲ. ರಜೆ ಬೇಕೇಬೇಕಾದರೆ ಒಮ್ಮೆ ಜ್ವರ, ಒಮ್ಮೆ ಹಲ್ಲುನೋವು, ಇನ್ನೊಮ್ಮೆ ಮನೆಗೆ ನೆಂಟರು. ಗಂಡಸರೇ ತುಂಬಿದ ಜಾಗದಲ್ಲಿ ನಿಜ ಹೇಳುವುದಕ್ಕೆ ಅವಳಿಗೆ ಬಾಯಿ ಬರುತ್ತಿರಲಿಲ್ಲ. ಹೇಳಿದರೆ, ಇದಕ್ಕೇ ಹೆಂಗಸರನ್ನು ಮೇಲೆ ಹತ್ತಿಸಬಾರದು ಅನ್ನುವುದು ಎಂದು ಯಾರಾದರೂ ಗೊಣಗುವುದು ಗ್ಯಾರಂಟಿ ಎಂದು ನಂಬಿದ್ದಳು.

ಮನೆಯಲ್ಲೂ ಅದೇ ಕಥೆ. ಅಮ್ಮ ಬಟ್ಟೆ ಗಿರಣಿಯಲ್ಲಿ ದಿನವಿಡೀ ನಿಂತೇ ದುಡಿದು ಈಗ ಕೆಲಸ ಬಿಟ್ಟಿದ್ದವಳು. "ಎಲ್ಲ ಹೆಂಗಸರಿಗೂ ಇರೋದೇ. ನಂಗೂ ಇತ್ತು. ಒಂದು ಮದುವೆ, ಒಂದು ಮಗು ಆದ್ರೆ ಎಲ್ಲ ತಾನಾಗಿ ಸರಿಹೋಗುತ್ತೆ" ಎನ್ನುತ್ತಿದ್ದಳು. ಮಗಳು ಡಾಕ್ಟರ ಮಾತೆತ್ತಿದರೆ ಅಮ್ಮನ ಮುಖ ಗಂಟಿಕ್ಕಿಕೊಳ್ಳುತ್ತಿತ್ತು. "ಇಲ್ಲದ ರೋಗಾನ ಹುಡುಕಿಕೊಂಡು ಯಾಕೆ ಹೋಗ್ತೀಯ?"

ಹೀಗೇ ವರ್ಷಗಳು ಕಳೆದವು. ಆಮೇಲೆ ಆ ಗಾಜಿನ ದಿನ ಬಂತು.

ಅವತ್ತು ಕಟ್ಟಡದ ಮುಂಭಾಗಕ್ಕೆ ಕೂರಿಸುವ ದೊಡ್ಡ ಗಾಜಿನ ಹಲಗೆಗಳನ್ನು ಮೇಲೆತ್ತುವ ಕೆಲಸ. ಬೆಳಿಗ್ಗೆ ಏಣಿ ಹತ್ತುವಾಗಲೇ ಸೊಂಟ ಹಿಡಿದುಕೊಂಡಿತ್ತು. ಮಾತ್ರೆ ನುಂಗಿದ್ದೇನೆ, ತಡೆಯುತ್ತದೆ ಎಂದುಕೊಂಡು ಕೂತಳು. ಮೊದಲ ಹಲಗೆ ಸರಿಯಾಗಿ ಹೋಯಿತು. ಎರಡನೆಯದು ಅರ್ಧ ದಾರಿಯಲ್ಲಿದ್ದಾಗ ಹೊಟ್ಟೆಯೊಳಗೆ ಯಾರೋ ಕೊಕ್ಕೆ ಹಾಕಿ ಎಳೆದಂತಾಯಿತು. ಜೀವ ಬಾಯಿಗೆ ಬಂತು. ಕಣ್ಣೆದುರಿನ ಗಾಜು, ಆಚೆಯ ಆಕಾಶ, ಹಗ್ಗಕ್ಕೆ ತೂಗುತ್ತಿದ್ದ ಹಲಗೆ ಎಲ್ಲ ಬೂದುಬಣ್ಣಕ್ಕೆ ತಿರುಗಿದವು. ಹಿಡಿಕೆಯಿಂದ ಕೈ ತೆಗೆದಳು. ಹಾಗೆ ಕೈ ತೆಗೆದರೆ ಕ್ರೇನ್ ನಿಂತಲ್ಲೇ ನಿಲ್ಲುತ್ತದೆ. ಕಲಿಸಿದವರು ಮೊದಲು ಹೇಳಿಕೊಟ್ಟದ್ದೇ ಅದನ್ನು. ಹಲಗೆ ಗಾಳಿಗೆ ಮೆಲ್ಲಗೆ ತಿರುಗುತ್ತ ನಡುವಿನಲ್ಲಿ ನೇತಾಡಿತು.

"ಗುಬ್ಬೀ, ಏನಾಯ್ತು? ಯಾಕೆ ನಿಲ್ಲಿಸಿದೆ?" ವಾಕಿಟಾಕಿಯಲ್ಲಿ ಕೆಳಗಣ್ಣನ ದನಿ.

ಅವಳು ಮುಂದಕ್ಕೆ ಬಾಗಿ ಹಣೆಯನ್ನು ಮೊಣಕಾಲಿಗೆ ಒತ್ತಿಕೊಂಡಿದ್ದಳು. ಉತ್ತರಿಸಲು ಉಸಿರು ಸಾಲಲಿಲ್ಲ.

"ಗುಬ್ಬೀ, ಹುಷಾರಾಗಿದೀಯಾ? ಒಂದು ಸಲ ಬಟನ್ ಒತ್ತು. ಮಾತಾಡೋದು ಬೇಡ, ಬರೀ ಒತ್ತು."

ಅವಳು ಒತ್ತಿದಳು.

"ಸರಿ. ನಮಗೇನೂ ಅವಸರ ಇಲ್ಲ. ಕೆಳಗೆ ಎಲ್ಲರನ್ನೂ ದೂರ ಕಳಿಸಿದೀನಿ. ಹಲಗೆ ಎಲ್ಲಿದೆಯೋ ಅಲ್ಲೇ ಇರಲಿ. ನಿಧಾನಕ್ಕೆ ಉಸಿರು ತಗೋ."

ನೋವು ಅಲೆಯ ಹಾಗೆ ಬರುವಂಥದ್ದು. ಬಂದದ್ದು ಒಂದಿಷ್ಟು ಹಿಂದೆ ಸರಿಯಲೇಬೇಕು. ಹಾಗೆ ಸರಿದ ಸಂದಿನಲ್ಲಿ ಅವಳು ತಲೆ ಎತ್ತಿ ಹಿಡಿಕೆ ಹಿಡಿದಳು. "ಎಡಕ್ಕೆ ಬಾ... ಇನ್ನೊಂಚೂರು... ಸಾಕು. ಈಗ ಇಳಿಸು, ಇಳಿಸು, ನಿಧಾನ" ಎಂದು ಅವನು ಹೇಳುತ್ತ ಹೋದ. ಅವಳು ಅವನ ದನಿಯನ್ನೇ ಹಿಡಿದುಕೊಂಡು ಹಲಗೆಯನ್ನು ನೆಲಕ್ಕೆ ಇಳಿಸಿದಳು. ಗಾಜಿನಲ್ಲಿ ಕೂದಲೆಳೆಯಷ್ಟೂ ಬಿರುಕು ಬೀಳಲಿಲ್ಲ. ಆಮೇಲೆ ಅವಳು ಇಳಿದು ಬರುವುದೇ ದೊಡ್ಡ ಸಾಹಸವಾಯಿತು. ಒಂದೊಂದು ಮೆಟ್ಟಿಲಿಗೂ ನಿಂತು, ಕಂಬಿ ತಬ್ಬಿಕೊಂಡು, ಕೊನೆಗೆ ನೆಲ ಮುಟ್ಟಿದವಳೇ ಮರಳಿನ ಚೀಲದ ಮೇಲೆ ಕುಸಿದು ಕೂತಳು.

ಸೂಪರ್‌ವೈಸರ್ ಓಡಿ ಬಂದರು. ಒಳ್ಳೆಯವರೇ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. "ಏನಮ್ಮಾ ಇದು? ಏನಾಯ್ತು ನಿಂಗೆ?"

"ಏನೋ ತಿಂದದ್ದು ಆಗಿಬರಲಿಲ್ಲ ಸಾರ್."

"ಹೋದ ತಿಂಗಳು ತಲೆಸುತ್ತು ಅಂದಿದ್ದೆ. ಅದರ ಹಿಂದಿನ ಸಲ ಇನ್ನೇನೋ. ನೋಡು, ಮೇಲಿರೋಳು ನೀನೊಬ್ಬಳು, ಕೆಳಗಿರೋರು ಅಷ್ಟು ಜನ. ಡಾಕ್ಟರು ನೋಡಿ ಪರವಾಗಿಲ್ಲ ಅನ್ನೋವರೆಗೂ ನಾನು ನಿನ್ನನ್ನ ಹತ್ತಿಸಲ್ಲ. ಅಲ್ಲಿತನಕ ಸ್ಟೋರ್ ನೋಡಿಕೋ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಮನೆಗೆ ಬಂದವಳು ಗೋಡೆ ಕಡೆ ತಿರುಗಿ ಮುದುರಿಕೊಂಡು ಮಲಗಿದಳು. ಅಮ್ಮ ಬಿಸಿನೀರಿನ ಚೀಲ ತಂದು ಹೊಟ್ಟೆಗಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅತ್ತಿಗೆ ಬಂದಳು. ಅಣ್ಣನ ಹೆಂಡತಿಗೆ ರಸ್ತೆಯ ತಿರುವಿನಲ್ಲೇ ಹೆಂಗಸರ ಕೂದಲು ಕತ್ತರಿಸುವ ಪಾರ್ಲರ್ ಇತ್ತು. ಕತ್ತರಿಯಷ್ಟೇ ಹರಿತ ನಾಲಿಗೆಯೂ ಇತ್ತು.

"ಇನ್ನು ಎಷ್ಟು ದಿನ ಹಲ್ಲು ಕಚ್ಚಿಕೊಂಡಿರ್ತೀಯ? ಹಲ್ಲು ಸವೆದುಹೋದ ಮೇಲೆ ಏನು ಕಚ್ತೀಯ?" ಅತ್ತಿಗೆ ಹಾಸಿಗೆಯ ಅಂಚಿನಲ್ಲಿ ಕೂತಳು. "ನನ್ನ ಭುಜ ಹಿಡಿದುಕೊಂಡಿತ್ತಲ್ಲ, ಕೈ ಎತ್ತಿ ಬಾಚಣಿಗೆ ಹಿಡಿಯೋಕೂ ಆಗ್ತಿರಲಿಲ್ಲವಲ್ಲ, ನೆನಪಿದೆಯಾ? ಅದನ್ನ ವಾಸಿ ಮಾಡಿದ ಡಾಕ್ಟರ ಹತ್ರ ನಾಳೆ ಕರಕೊಂಡು ಹೋಗ್ತೀನಿ. ಆಕ್ಯುಪಂಕ್ಚರ್ ಮಾಡ್ತಾರೆ, ಮೈಗೆ ಸೂಜಿ ಚುಚ್ಚಿ ನೋವು ಇಳಿಸ್ತಾರೆ. ನಮ್ಮಲ್ಲಿಗೆ ಬರೋ ಒಬ್ಬರು ತಮ್ಮ ಮಗಳಿಗೆ ಮುಟ್ಟಿನ ನೋವಿಗೇ ಮಾಡಿಸಿದ್ರು."

ಅಡುಗೆಮನೆಯಿಂದಲೇ ಅಮ್ಮನ ದನಿ ಬಂತು. "ಪಂಕ್ಚರಾ? ಅದು ಟೈರಿಗಲ್ಲವಾ ಮಾಡೋದು?"

"ಟೈರಿಗೆ ತಾನಾಗಿ ಆಗುತ್ತೆ ಅತ್ತೆ, ಇದನ್ನ ನಾವೇ ಹೋಗಿ ಮಾಡಿಸಿಕೋಬೇಕು" ಎಂದಳು ಅತ್ತಿಗೆ. ಗುಬ್ಬಿಗೆ ಆ ನೋವಿನಲ್ಲೂ ನಗು ಬಂತು. ನಕ್ಕದ್ದಕ್ಕೆ ಹೊಟ್ಟೆ ಇನ್ನಷ್ಟು ನೊಂದಿತು.

ಆದರೆ ಸೂಜಿ ಎಂದ ಕೂಡಲೇ ಅವಳಿಗೆ ಹೆದರಿಕೆಯಾಗಿತ್ತು. "ಅತ್ತಿಗೆ, ಉದ್ದ ಇರುತ್ತಾ?" ಎಂದು ಪಿಸುಗುಟ್ಟಿ ಕೇಳಿದಳು.

"ಅಷ್ಟು ಎತ್ತರದಲ್ಲಿ ಕೂತು ಪೇಟೇನೆಲ್ಲ ನೋಡೋಳು, ಒಂದು ಸೂಜಿಗೆ ಹೆದರ್ತೀಯಾ? ಯಾರಿಗಾದ್ರೂ ಹೇಳಿಬಿಟ್ಟೀಯ, ಕ್ರೇನೇ ನಕ್ಕುಬಿಡುತ್ತೆ."

ಚಿಕಿತ್ಸೆಯ ಕೋಣೆ ಚಪ್ಪಲಿ ಅಂಗಡಿಯೊಂದರ ಮೇಲಿತ್ತು. ಮೆಟ್ಟಿಲು ಹತ್ತುವಾಗ ಹೊಸ ಚರ್ಮದ ವಾಸನೆ, ಬಾಗಿಲು ತೆರೆದರೆ ಸ್ಪಿರಿಟಿನ ವಾಸನೆ. ಪರದೆಯಿಂದ ಬೇರ್ಪಡಿಸಿದ ಎರಡು ಮಂಚ, ಬಿಳಿ ಹಾಸು, ಗೋಡೆಗೆ ತಗುಲಿಸಿದ, ಮೈಗೆ ಕಾವು ಕೊಡುವ ಒಂದು ಬಿಸಿ ದೀಪ. ಡಾಕ್ಟರು ಎತ್ತರದ ಹೆಂಗಸು. ನರೆತ ಕೂದಲನ್ನು ಗಿಡ್ಡಗೆ ಕತ್ತರಿಸಿದ್ದರು. (ಅದು ತನ್ನ ಕೈಕೆಲಸ ಎಂದು ಅತ್ತಿಗೆ ಕಿವಿಯಲ್ಲಿ ಹೇಳಿದಳು.) ಬಹಳ ವರ್ಷ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುತ್ತಿದ್ದವರು, ಆಮೇಲೆ ಸೂಜಿಯ ಚಿಕಿತ್ಸೆ ಕಲಿತವರು.

ಅವರು ಸೂಜಿ ತೆಗೆಯಲೇ ಇಲ್ಲ. ಪ್ರಶ್ನೆಗಳನ್ನು ಕೇಳಿದರು. ನೋವು ಯಾವಾಗ ಶುರುವಾಗುತ್ತೆ, ಎಲ್ಲಿಗೆ ಹರಿಯುತ್ತೆ, ರಕ್ತ ಹೋಗೋದು ಹೆಚ್ಚಾ ಕಡಿಮೆಯಾ, ಮುಟ್ಟಿಲ್ಲದ ದಿನಗಳಲ್ಲೂ ನೋಯುತ್ತಾ, ಮಾತ್ರೆ ಯಾವಾಗ ತಗೋತೀರಿ. ಗುಬ್ಬಿ ಮೊದಮೊದಲು ತಡವರಿಸಿದಳು. ಆಮೇಲೆ ಕಟ್ಟೆ ಒಡೆದ ಹಾಗೆ ಎಲ್ಲ ಹೇಳಿದಳು, ಗಾಜಿನ ಹಲಗೆ ನಡುವಿನಲ್ಲಿ ನೇತಾಡಿದ್ದನ್ನೂ. ತನ್ನ ಹೊಟ್ಟೆಯ ಬಗ್ಗೆ ಇಷ್ಟು ಹೊತ್ತು ಯಾರ ಹತ್ತಿರವೂ ಅವಳು ಮಾತಾಡಿದ್ದೇ ಇಲ್ಲ.

"ಯಾವತ್ತಾದರೂ ಸ್ಕ್ಯಾನ್ ಮಾಡಿಸಿದ್ದೀರಾ? ಹೆಂಗಸರ ಡಾಕ್ಟರ ಹತ್ರ ತೋರಿಸಿದ್ದೀರಾ?"

"ಇಲ್ಲ."

ಡಾಕ್ಟರು ಕನ್ನಡಕ ತೆಗೆದಿಟ್ಟರು. "ಹಾಗಾದರೆ ಇವತ್ತು ಸೂಜಿ ಹಾಕಲ್ಲ. ಸುಮ್ಮನೆ ಬರೋ ನೋವೂ ಇರುತ್ತೆ, ಒಳಗೆ ಏನೋ ಇದ್ದು ಬರೋ ನೋವೂ ಇರುತ್ತೆ. ಯಾವುದು ಅಂತ ಗೊತ್ತಿಲ್ಲದೆ ನಾನು ನೋವನ್ನ ಕಡಿಮೆ ಮಾಡಿಬಿಟ್ಟರೆ ನಿಮಗೆ ಕೆಟ್ಟದ್ದು ಮಾಡಿದ ಹಾಗೆ. ಮೊದಲು ತೋರಿಸಿಕೊಂಡು ಬನ್ನಿ. ಆಮೇಲೆ ನಾನು ಇಲ್ಲೇ ಇರ್ತೀನಿ."

ಹೊರಗೆ ಬಂದ ಮೇಲೆ ಅತ್ತಿಗೆ, "ನೋಡು, ಬಂದ ಗಿರಾಕಿಯನ್ನ ವಾಪಸ್ಸು ಕಳಿಸೋರು. ಇಂಥವರನ್ನ ನಂಬಬಹುದು" ಎಂದಳು.

ಸ್ಕ್ಯಾನಿನ ವಿಷಯ ಕೇಳಿದ ಅಮ್ಮ ಅವತ್ತು ಊಟ ಮಾಡಲಿಲ್ಲ. ಆದರೆ ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನಿ" ಎಂದಷ್ಟೇ ಹೇಳಿದಳು.

ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಒಳಗೆ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ, ಯಂತ್ರ ಆಡಿಸಿ ನೋಡಿದ ಮೇಲೆ ಹೊರಗೆ ಕಾಯಿರಿ ಎಂದು ಕಳಿಸಿದರು. ಗುಬ್ಬಿ ಅಮ್ಮನ ಪಕ್ಕ ಬಂದು ಕೂತಳು. ಎದುರಿನ ಗೋಡೆಯನ್ನೇ ನೋಡುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ಮಾತಾಡಿದಳು.

"ನಿನ್ನ ದೊಡ್ಡಮ್ಮ ಹೋಗಿದ್ದು ಜ್ವರದಿಂದ ಅಲ್ಲ."

ಗುಬ್ಬಿ ತಿರುಗಿ ನೋಡಿದಳು. ಅಮ್ಮನ ಅಕ್ಕ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಮನೆಯಲ್ಲಿ ಅವರದೊಂದು ಫೋಟೋ ಇತ್ತು. ಜ್ವರ ಎಂದೇ ಎಲ್ಲರೂ ಹೇಳುತ್ತಿದ್ದದ್ದು.

"ಅವಳಿಗೂ ಹೀಗೇ ಹೊಟ್ಟೆ ನೋಯ್ತಿತ್ತು. ನಿನ್ನ ಹಾಗೇ ಮುದುರಿಕೊಂಡು ಮಲಗ್ತಿದ್ದಳು. ನಮ್ಮಮ್ಮ ಎಲ್ಲರಿಗೂ ಇರೋದೇ ಅಂತಿದ್ದಳು. ಕೊನೆಗೆ ಆಸ್ಪತ್ರೆಗೆ ಕರಕೊಂಡು ಬಂದಾಗ ಒಳಗೆ ಗಡ್ಡೆ ಇದೆ, ತುಂಬ ತಡ ಆಯ್ತು ಅಂದ್ರು." ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. "ನಿಂಗೆ ಶುರುವಾದಾಗ ನನ್ನ ಎದೆ ಧಸಕ್ಕಂತು. ಏನೂ ಇಲ್ಲ, ಏನೂ ಇಲ್ಲ ಅಂತ ನಾನೇ ಹೇಳಿಕೊಂಡೆ. ಹೇಳಿ ಹೇಳಿ ನಿಂಗೂ ಹೇಳಿದೆ. ಡಾಕ್ಟರ ಬಾಯಲ್ಲಿ ಆ ಮಾತು ಮತ್ತೆ ಕೇಳೋ ಶಕ್ತಿ ನಂಗಿರಲಿಲ್ಲ."

ಇಷ್ಟು ವರ್ಷ ತನ್ನ ನೋವು ಅಮ್ಮನಿಗೆ ಅರ್ಥವೇ ಆಗುವುದಿಲ್ಲ ಎಂದು ಗುಬ್ಬಿ ಮುನಿಸಿಕೊಂಡಿದ್ದಳು. ಅಮ್ಮನಿಗೆ ಅದು ಅವಳಿಗಿಂತ ಹೆಚ್ಚು ಅರ್ಥವಾಗಿತ್ತು. ಅಮ್ಮನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದಿಟ್ಟುಕೊಂಡಳು. ಗಿರಣಿಯ ನೂಲಿಗೆ ಗಟ್ಟಿಯಾಗಿದ್ದ ಬೆರಳುಗಳು ಅವಳ ಬೆರಳುಗಳನ್ನು ಹೆಣೆದುಕೊಂಡವು. ಒಳಗಿನಿಂದ ಕರೆ ಬರುವವರೆಗೂ ಇಬ್ಬರೂ ಹಾಗೇ ಕೂತಿದ್ದರು.

ಹೆಂಗಸರ ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಚುರುಕು. ಪರೀಕ್ಷೆ ಮಾಡಿ, ಸ್ಕ್ಯಾನಿನ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, ಅಮ್ಮನ ಮುಖವನ್ನೂ ಒಮ್ಮೆ ನೋಡಿದರು. ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಟ್ಟರು.

"ಗಡ್ಡೆ ಇಲ್ಲ, ನೀರುಗುಳ್ಳೆ ಇಲ್ಲ. ಗರ್ಭಕೋಶ, ಅಂಡಾಶಯ ಎಲ್ಲ ಚೆನ್ನಾಗಿವೆ. ಹೆದರೋ ಅಂಥದ್ದು ಇಲ್ಲಿ ನನಗೇನೂ ಕಾಣ್ತಿಲ್ಲ."

ಅಮ್ಮ ಕುರ್ಚಿಯ ಕೈ ಹಿಡಿದುಕೊಂಡಳು. "ಇನ್ನೊಂದು ಸಲ ಹೇಳಿ ಡಾಕ್ಟ್ರೇ."

ಡಾಕ್ಟರು ನಕ್ಕು ಇನ್ನೊಂದು ಸಲ ಹೇಳಿದರು. ಅಮ್ಮನಿಗೆ ಹೋದ ಜೀವ ಬಂದಂತಾಯಿತು. ಮುಖ ಮುಚ್ಚಿಕೊಂಡು ಅತ್ತಳು. ಅಳುತ್ತಲೇ, "ಏನೂ ತಿಳ್ಕೋಬೇಡಿ, ಇದು ಸಂತೋಷಕ್ಕೆ" ಎಂದಳು.

"ಏನೂ ಇಲ್ಲ ಅಂದ್ರೆ..." ಗುಬ್ಬಿ ಅನುಮಾನಿಸುತ್ತ ಕೇಳಿದಳು, "ಎಲ್ಲ ನನ್ನ ಮನಸ್ಸಿನ ಭ್ರಮೆನಾ?"

"ಯಾರು ಹೇಳಿದ್ದು? ನೋವು ಅಪ್ಪಟ ನಿಜ. ಮುಟ್ಟಾಗುವಾಗ ಗರ್ಭಕೋಶ ತನ್ನನ್ನ ತಾನೇ ಹಿಂಡಿಕೊಳ್ಳುತ್ತೆ. ನಿಮ್ಮದು ಸ್ವಲ್ಪ ಜೋರಾಗಿ ಹಿಂಡುತ್ತೆ, ಅಷ್ಟೇ. ನೀವು ನೋವು ತಲೆಗೇರಿದ ಮೇಲೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗ್ತಿದ್ದೀರಿ. ಅದು ಶುರುವಾಗೋ ಸೂಚನೆ ಕಂಡ ಕೂಡಲೇ, ಊಟದ ಜೊತೆ ತಗೋಬೇಕು. ನೀರು ಕುಡೀಬೇಕು."

ಗುಬ್ಬಿ ಸೂಜಿಯ ಚಿಕಿತ್ಸೆಯ ವಿಷಯ ಹೇಳಿದಳು. ಬೈಯುತ್ತಾರೇನೋ ಎಂದು ಹೆದರಿದ್ದಳು.

"ಮಾಡಿಸಿ. ನನ್ನ ಹತ್ರ ಬರೋರಲ್ಲಿ ಕೆಲವರಿಗೆ ಅದರಿಂದ ಒಳ್ಳೇದಾಗಿದೆ. ಪ್ರತಿ ಸಲ ಹೊಸ ಸೂಜಿ ಬಳಸ್ತಾರಾ ಅಂತ ಮಾತ್ರ ನೋಡಿಕೊಳ್ಳಿ. ನೋವಿನ ರೀತಿ ಬದಲಾದರೆ ವಾಪಸ್ಸು ನನ್ನ ಹತ್ರ ಬನ್ನಿ."

ಮತ್ತೆ ಚಪ್ಪಲಿ ಅಂಗಡಿಯ ಮೇಲಿನ ಕೋಣೆ. ನರೆಗೂದಲ ಡಾಕ್ಟರು ಪೊಟ್ಟಣ ಹರಿದು ತೋರಿಸಿದ ಸೂಜಿ, ಸೂಜಿಯೆಂದು ಕರೆಯಲೂ ಸಂಕೋಚವಾಗುವಷ್ಟು ತೆಳ್ಳಗಿತ್ತು. ಇಂಜೆಕ್ಷನ್ನಿನ ಸೂಜಿಯನ್ನು ನೆನೆದು ನಿದ್ದೆಗೆಟ್ಟಿದ್ದ ಗುಬ್ಬಿಗೆ ನಾಚಿಕೆಯಾಯಿತು.

"ಮೊದಲೇ ಹೇಳಿಬಿಡ್ತೀನಿ" ಎಂದರು ಅವರು. "ಕೆಲವರಿಗೆ ಇದರಿಂದ ತುಂಬ ಕಡಿಮೆಯಾಗುತ್ತೆ. ಕೆಲವರಿಗೆ ಸ್ವಲ್ಪ. ಕೆಲವರಿಗೆ ಏನೂ ಆಗಲ್ಲ. ಒಂದೇ ಸಲಕ್ಕೆ ಗೊತ್ತಾಗೋದೂ ಇಲ್ಲ, ಕೆಲವು ತಿಂಗಳು ನೋಡಬೇಕು. ಅಲ್ಲಿವರೆಗೆ ತಾಳ್ಮೆ ಇದೆಯಾ?"

"ಇಷ್ಟು ವರ್ಷ ಇತ್ತಲ್ಲ" ಎಂದಳು ಗುಬ್ಬಿ.

ಒಂದನ್ನು ಕಾಲಿನ ಒಳಬದಿಯಲ್ಲಿ, ಹರಡಿನ ಗಂಟಿನಿಂದ ಸ್ವಲ್ಪ ಮೇಲೆ ಹಾಕಿದರು. ಸೊಳ್ಳೆ ಕಚ್ಚಿದಷ್ಟೂ ನೋಯಲಿಲ್ಲ. ಆದರೆ ಅವರು ಅದನ್ನು ಮೆಲ್ಲಗೆ ತಿರುಗಿಸಿದಾಗ ಒಳಗೆ ಏನೋ ಭಾರವಾಗಿ, ಮಂದವಾಗಿ, ಯಾರೋ ಹೆಬ್ಬೆರಳಿನಿಂದ ಒತ್ತಿ ಹಿಡಿದ ಹಾಗೆ ಆಯಿತು. "ಭಾರ ಅನ್ನಿಸ್ತಾ? ಅದೇ ಬೇಕಾಗಿದ್ದು." ಇನ್ನೊಂದು ಕಾಲಿಗೂ ಹಾಗೆಯೇ. ಮೊಣಕಾಲಿನ ಕೆಳಗೆ, ಹೆಬ್ಬೆರಳು ತೋರುಬೆರಳುಗಳ ನಡುವಿನ ಮೆತ್ತನೆ ಜಾಗದಲ್ಲಿ, ಹೊಕ್ಕುಳ ಕೆಳಗೆ. ಬಿಸಿ ದೀಪವನ್ನು ಹೊಟ್ಟೆಯ ಮೇಲಕ್ಕೆ ತಿರುಗಿಸಿ, ಪರದೆ ಎಳೆದು ಹೋದರು. ಅಲ್ಲಾಡಿದರೆ ಏನಾಗುವುದೋ ಎಂದು ಗುಬ್ಬಿ ಮೊದಲು ಕೊರಡಿನ ಹಾಗೆ ಬಿದ್ದುಕೊಂಡಿದ್ದಳು. ಕೆಳಗಿನ ಅಂಗಡಿಯಲ್ಲಿ ಯಾರೋ ಬೂಟು ಹಾಕಿಕೊಂಡು ನಡೆದು ನೋಡುತ್ತಿದ್ದ ಟಕಟಕ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ಕೇಳಿಸಲಿಲ್ಲ. ಡಾಕ್ಟರು ಬಂದು ಎಬ್ಬಿಸಿದಾಗಲೇ ತಾನು ನಿದ್ದೆ ಹೋಗಿದ್ದು ತಿಳಿದದ್ದು.

ಮೊದಲ ತಿಂಗಳು ನೋವೇನೂ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ವಾಂತಿ ಮಾತ್ರ ಆಗಲಿಲ್ಲ. "ದುಡ್ಡು ಕೊಟ್ಟು ನಿದ್ದೆ ಮಾಡಿ ಬರ್ತಿದ್ದೀನಿ ಅತ್ತಿಗೆ" ಎಂದು ಗುಬ್ಬಿ ಸಿಡುಕಿದಳು. ಸ್ಟೋರಿನಲ್ಲಿ ಮೊಳೆ, ತಂತಿ, ಕೈಗವಸು ಎತ್ತಿಕೊಡುವ ಕೆಲಸ ಅವಳಿಗೆ ಬೇಸರ ತಂದಿತ್ತು. ತಲೆ ಎತ್ತಿದರೆ ಕ್ಯಾಬಿನ್ನಿನಲ್ಲಿ ಬೇರೆ ಯಾರೋ. ಹೊಸಬ ಹಿಡಿಕೆಯನ್ನು ಜಗ್ಗಿದಾಗೆಲ್ಲ ಹಗ್ಗ ತೂಗಾಡುವುದನ್ನು ನೋಡಿ ಅವಳ ಬೆರಳುಗಳು ತಾವಾಗಿ ಆಡುತ್ತಿದ್ದವು.

"ನಾನು ಮೂರು ತಿಂಗಳು ಹೋಗಿದ್ದೆ" ಎಂದಳು ಅತ್ತಿಗೆ. "ನಡುವೆ ನಿಲ್ಲಿಸಿದರೆ ಅರ್ಧ ಕೂದಲು ಕತ್ತರಿಸಿಕೊಂಡು ಎದ್ದು ಹೋದ ಹಾಗೆ. ಕೂತುಕೋ ಸುಮ್ಮನೆ."

ಅವಳು ಹೋಗುತ್ತಲೇ ಇದ್ದಳು. ಜೊತೆಗೆ ಹೆಂಗಸರ ಡಾಕ್ಟರು ಹೇಳಿದ ಹಾಗೆ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ, ಊಟದ ಜೊತೆ ತೆಗೆದುಕೊಂಡಳು. ಎರಡನೆಯ ತಿಂಗಳು ನೋವು ಬಂತು, ಆದರೆ ಸೊಂಟ ಬಿಟ್ಟು ಕೆಳಗಿಳಿಯಲಿಲ್ಲ. ಮಲಗದೆ, ಕುರ್ಚಿಯಲ್ಲಿ ಕೂತು ಟಿವಿ ನೋಡಿದಳು. ಅಮ್ಮ ಹಿಂದಿನಿಂದ ಬಂದು ಬಂದು ಅವಳ ಮುಖ ನೋಡಿ ಹೋಗುತ್ತಿದ್ದಳು. ಮೂರನೆಯ ತಿಂಗಳು ಬೆಳಿಗ್ಗೆ ಎದ್ದಾಗಲೇ ಮುಟ್ಟಾಗಿತ್ತು. ಹೊಟ್ಟೆ ಹಿಡಿದುಕೊಂಡು ಕಾದಳು. ಮಂದವಾಗಿ ಏನೋ ಹಿಂಡಿದಂತಾಯಿತು, ಸ್ವಲ್ಪ ಹೊತ್ತು ಇತ್ತು, ತಗ್ಗಿತು. ಇನ್ನೇನು ಜೋರಾಗುತ್ತದೆ, ಇನ್ನೇನು ಜೋರಾಗುತ್ತದೆ ಎಂದು ಹಲ್ಲುಜ್ಜಿದಳು, ಸ್ನಾನ ಮಾಡಿದಳು, ಬಟ್ಟೆ ಒಣಹಾಕಿದಳು. ಜೋರಾಗಲಿಲ್ಲ. ಒದ್ದೆ ಬಟ್ಟೆಗಳ ನಡುವೆ ನಿಂತು ಅವಳು ಒಬ್ಬಳೇ ನಕ್ಕಳು. ಸೂಜಿಯಿಂದಲೋ, ಮಾತ್ರೆಯಿಂದಲೋ, ಎದೆಯ ಮೇಲಿನ ಭಯ ಇಳಿದದ್ದರಿಂದಲೋ, ಯಾವುದಕ್ಕೆ ಎಷ್ಟು ಪಾಲು ಎಂದು ಅವಳಿಗೆ ಗೊತ್ತಿರಲಿಲ್ಲ. ನರೆಗೂದಲ ಡಾಕ್ಟರಿಗೆ ಹೇಳಿದಾಗ ಅವರೂ, "ನನಗೂ ಗೊತ್ತಿಲ್ಲ. ಕಡಿಮೆಯಾಯ್ತಲ್ಲ" ಎಂದು ಅವಳಷ್ಟೇ ಹಿಗ್ಗಿದರು.

ಮಾರನೆಯ ದಿನ ಅವಳು ಸೂಪರ್‌ವೈಸರರ ಕೋಣೆಗೆ ಹೋದಳು. ಕ್ರೇನ್ ಹತ್ತಬಹುದು ಎಂದು ಹೆಂಗಸರ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಸಾರ್, ಅವತ್ತು ನಾನು ತಿಂದದ್ದು ಆಗಿಬರಲಿಲ್ಲ ಅಂದೆ. ಅದು ಸುಳ್ಳು. ಮುಟ್ಟಿನ ನೋವು. ತುಂಬ ಕೆಟ್ಟದಾಗಿ ಬರ್ತಿತ್ತು. ಹೇಳೋಕೆ ನಾಚಿಕೆಯಾಗಿ ಏನೇನೋ ಹೇಳ್ತಿದ್ದೆ. ಈಗ ಡಾಕ್ಟರಿಗೆ ತೋರಿಸಿ ಚಿಕಿತ್ಸೆ ಮಾಡಿಸಿದೀನಿ."

ಸೂಪರ್‌ವೈಸರ್ ತಲೆ ಕೆರೆದುಕೊಂಡರು. ಕಿವಿ ಕೆಂಪಾಗಿತ್ತು. ಆಮೇಲೆ ಜೋರಾಗಿ ಉಸಿರು ಬಿಟ್ಟರು.

"ಅಯ್ಯೋ ನಮ್ಮಮ್ಮಾ, ನಾನು ನಿಂಗೆ ಮೂರ್ಛೆ ರೋಗ ಅಂದುಕೊಂಡಿದ್ದೆ! ಒಂದು ದಿನ ಅದು, ಒಂದು ದಿನ ಇದು ಅಂತೀಯಲ್ಲ, ಏನನ್ನೋ ಮುಚ್ಚಿಡ್ತಿದ್ದಾಳೆ, ಮೇಲೆ ಕೂತಾಗ ಬಿದ್ದುಹೋದ್ರೆ ಗತಿ ಏನು ಅಂತ ನನಗೇ ನಿದ್ದೆ ಇರಲಿಲ್ಲ. ನಿನ್ನ ಜಾಗಕ್ಕೆ ಕಾಯಂ ಆಗಿ ಬೇರೆಯವರನ್ನ ಹುಡುಕ್ತಿದ್ದೆ. ಇದು ಅಂತ ಹೇಳಿದ್ದಿದ್ರೆ ಒಂದು ದಿನ ಬದಲಿ ಹಾಕ್ತಿದ್ದೆನಲ್ಲ! ಮನೇಲಿ ಇಬ್ಬರು ಹೆಣ್ಣುಮಕ್ಕಳನ್ನ ಸಾಕಿದೀನಿ, ನನಗೆ ಗೊತ್ತಾಗಲ್ವಾ?"

ಗುಬ್ಬಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವರು ಗೊಣಗುತ್ತಾರೆಂದು ಅವಳು ಹೆದರಿ ಮುಚ್ಚಿಟ್ಟಿದ್ದಳು. ಮುಚ್ಚಿಟ್ಟದ್ದಕ್ಕೇ ಇವರು ಹೆದರಿದ್ದರು.

"ಇನ್ನು ಮೇಲೆ ಮೈ ಸರಿಯಿಲ್ಲ ಅನ್ನಿಸಿದ ದಿನ ಹತ್ತೋಕೆ ಮೊದಲೇ ಹೇಳು. ಕಾರಣ ಹೇಳೋದೂ ಬೇಡ, ಇವತ್ತು ಆಗಲ್ಲ ಅಂದ್ರೆ ಸಾಕು" ಎಂದು ಅವರು ಚೀಟಿಗೆ ಸಹಿ ಹಾಕಿದರು.

ಅವಳು ಮತ್ತೆ ಏಣಿ ಹತ್ತಿದ ದಿನ ಆಕಾಶ ತಿಳಿಯಾಗಿತ್ತು. ಬದಲಿಗೆ ಬಂದಿದ್ದವನು ಸೀಟನ್ನು ತನ್ನ ಅಳತೆಗೆ ಹಿಂದಕ್ಕೆ ಸರಿಸಿದ್ದ. ಅದನ್ನು ಮುಂದಕ್ಕೆಳೆದು, ಗಾಜು ಒರೆಸಿ, ವಾಕಿಟಾಕಿ ಹಾಕಿದಳು. "ಬಂದೆಯಾ? ಇಷ್ಟು ದಿನ ನನ್ನ ಗಂಟಲು ಕಿತ್ತುಹೋಯ್ತು. ಆ ಹುಡುಗನಿಗೆ ಎಡ ಅಂದ್ರೆ ಬಲ" ಎಂದ ಕೆಳಗಣ್ಣ. ಇಬ್ಬರೂ ಸಂಜೆಯವರೆಗೆ ಕೆಲಸ ಮಾಡಿದರು.

ಅದಾದ ಕೆಲವು ವಾರಗಳಿಗೆ ಕೆಲಸದ ನಡುವೆಯೇ ಅವಳಿಗೆ ಮುಟ್ಟಾಯಿತು. ಸೊಂಟದಲ್ಲಿ ಪರಿಚಯದ ಭಾರ. ಅವಳು ಕಾಂಕ್ರೀಟಿನ ಬಕೆಟ್ಟನ್ನು ಇಳಿಸಿ ಮುಗಿಸಿ, ವಾಕಿಟಾಕಿಯಲ್ಲಿ, "ಅಣ್ಣಾ, ಸ್ವಲ್ಪ ಕೆಳಗೆ ಬಂದು ಹೋಗ್ತೀನಿ, ಕಾಯಬೇಕು" ಎಂದಳು. ಯಾಕೆ ಎಂದು ಅವನು ಕೇಳಲಿಲ್ಲ. ಅವಳು ಇಳಿದು, ಶೌಚಕ್ಕೆ ಹೋಗಿ, ಎರಡು ಬಿಸ್ಕತ್ತಿನ ಜೊತೆ ಮಾತ್ರೆ ನುಂಗಿ, ಬಾಟಲಿ ತುಂಬ ನೀರು ಹಿಡಿದುಕೊಂಡು ಮತ್ತೆ ಹತ್ತಿದಳು. ಯಾವ ಆಕಾಶವೂ ಕಳಚಿ ಬೀಳಲಿಲ್ಲ. ಗಾರೆಯವರು ಅಷ್ಟು ಹೊತ್ತು ನೆರಳಲ್ಲಿ ಕೂತು ಚಹಾ ಕುಡಿದು, ಅವಳನ್ನೇ ಹೊಗಳಿದರು.

ಊಟದ ಬಿಡುವಿನಲ್ಲಿ ಅಮ್ಮನ ಫೋನ್ ಬಂತು. ಅವಳಿಗೂ ತಾರೀಕಿನ ಲೆಕ್ಕವಿತ್ತು.

"ಹೇಗಿದೀಯ? ಬಂತಾ? ನೋಯ್ತಿದೆಯಾ?"

ಗುಬ್ಬಿ ಕ್ಯಾಬಿನ್ನಿನ ಕಿಟಕಿ ಸರಿಸಿದಳು. ಕೆಳಗೆ ಚಾವಣಿಗಳು, ಒಣಹಾಕಿದ ಬಟ್ಟೆಗಳು, ಇರುವೆಗಳಂತೆ ಬಸ್ಸುಗಳು. ಗಾಳಿ ಒಳಗೆ ಬಂತು. ಹೊಟ್ಟೆಯ ಮೇಲೆ ಕೈಯಿಟ್ಟು ನಿಜವಾಗಿ ಏನನ್ನಿಸುತ್ತಿದೆ ಎಂದು ಒಂದು ಗಳಿಗೆ ಗಮನಿಸಿದಳು.

"ಬಂದಿದೆ. ಸ್ವಲ್ಪ ಇದೆ, ಇಲ್ಲ ಅನ್ನಲ್ಲ" ಎಂದಳು. "ಆದ್ರೆ ಅಮ್ಮಾ, ಈಗ ನನಗೆ ಸಿಕ್ಕಾಪಟ್ಟೆ ಹಸಿವಾಗ್ತಿದೆ. ಡಬ್ಬಿ ತೆಗೀತೀನಿ, ಆಮೇಲೆ ಮಾತಾಡೋಣ."

"ತಿನ್ನು, ತಿನ್ನು" ಎಂದಳು ಅಮ್ಮ. "ನಾನು ಇಡ್ತೀನಿ." ಆದರೂ ಇಡಲಿಲ್ಲ. ಮಗಳು ಅಗಿಯುವ ಸದ್ದನ್ನು ಕೇಳಿಸಿಕೊಳ್ಳುತ್ತ ಸ್ವಲ್ಪ ಹೊತ್ತು ಹಾಗೇ ಫೋನ್ ಹಿಡಿದುಕೊಂಡಿದ್ದಳು.